ಅಗಸಿತನಕ ಗಾಡಿ, ಅಲ್ಲಿಂದಾಚೆ ಹೆಗಲು

ಗಜೇಂದ್ರಗಡದ ಗುಡ್ಡಗಳ ಮೇಲೆ ಗಾಳಿಯಂತ್ರ ನಿಲ್ಲಿಸುವಾಗ, ಅದರ ರೆಕ್ಕೆ ಹೊತ್ತ ಉದ್ದನೆಯ ಟ್ರೇಲರ್‌ಗಳು ಹತ್ತಲೆಂದು ಗುಡ್ಡ ಕಡಿದು ದಾರಿ ಮಾಡಿದರು. ಅದೇ ಗುಡ್ಡದ ಬುಡದ ಹಳೇ ಓಣಿಗಳಿಗೆ ಎರಡು ಬಾಗಿಲಿನ ಫ್ರಿಜ್ಜು ಇವತ್ತಿಗೂ ಹೆಗಲ ಮೇಲೇ ಹೋಗಬೇಕು. ನರಗುಂದದ ಗುಡ್ಡದ ಕೆಳಗಿನ ಓಣಿಗಳ ಕತೆಯೂ ಇದೇ. ರೋಣದಲ್ಲಿ ಏರು ಕಡಿಮೆ, ಇಕ್ಕಟ್ಟು ಮಾತ್ರ ಸಾಕಷ್ಟಿದೆ.

ಗದಗ, ಹುಬ್ಬಳ್ಳಿ, ಬೆಂಗಳೂರು, ಗೋವಾದಿಂದ ಮನೆ ಸಾಮಾನು ಈ ಕಡೆ ತರುವುದು, ಈ ಕಡೆಯಿಂದ ಅಲ್ಲಿಗೆ ಒಯ್ಯುವುದು ನನ್ನ ಉದ್ಯೋಗ. ಹೆದ್ದಾರಿಯ ನೂರಾರು ಕಿಲೋಮೀಟರಿನಲ್ಲಿ ಗಿರಾಕಿಗೂ ಗಾಡಿಯವನಿಗೂ ಜಗಳ ಆಗುವುದಿಲ್ಲ. ಅಗಸಿಯಿಂದ ತಲಬಾಗಿಲವರೆಗಿನ ಇನ್ನೂರು ಹೆಜ್ಜೆಯಲ್ಲಿ ಆಗುತ್ತದೆ. ಸಾಗಿಸುವವರನ್ನು ಗೊತ್ತು ಮಾಡಬೇಕಾದದ್ದು ಆ ಇನ್ನೂರು ಹೆಜ್ಜೆಗಾಗಿ ಎಂಬುದನ್ನು ಜನ ಗಾಡಿ ಬಂದು ನಿಂತ ಮೇಲೆ ತಿಳಿಯುತ್ತಾರೆ.

1. ದರ ಕೇಳುವ ಮೊದಲು ಓಣಿ ತೋರಿಸಿ

ದೊಡ್ಡ ಊರಿನ ಪ್ಯಾಕರ್ಸ್ ಅಂಡ್ ಮೂವರ್ಸ್‌ನವರು ಫೋನಿನಲ್ಲಿ ಕೇಳುವ ಪ್ರಶ್ನೆಗಳು ಗೊತ್ತಿರುವವೇ: ಎಷ್ಟು ಕೋಣೆಯ ಮನೆ, ಎಷ್ಟನೇ ಮಹಡಿ, ಲಿಫ್ಟ್ ಇದೆಯೇ. ಗಿರಾಕಿ ಸುಳ್ಳು ಹೇಳುವುದಿಲ್ಲ, ‘ನೆಲಮಹಡಿ’ ಎನ್ನುತ್ತಾರೆ. ಆ ನೆಲಮಹಡಿ ರಸ್ತೆಯಿಂದ ಎರಡಾಳು ಎತ್ತರದಲ್ಲಿದೆ, ಮಧ್ಯದಲ್ಲಿ ಕಲ್ಲಿನ ಮೆಟ್ಟಿಲುಗಳಿವೆ, ಗಾಡಿ ನಿಲ್ಲುವ ಜಾಗದಿಂದ ಮನೆ ಕಾಣುವುದೂ ಇಲ್ಲ ಎಂಬುದನ್ನು ಅವರೂ ಕೇಳುವುದಿಲ್ಲ, ಇವರೂ ಹೇಳುವುದಿಲ್ಲ. ಕೊನೆಗೆ ಅಗಸಿಯಲ್ಲಿ ಡ್ರೈವರ್ ಕೆಳಗಿಳಿದು ನೋಡಿ, ‘ಯಜಮಾನ್ರ, ಗಾಡಿ ಒಳಗ ಬರಂಗಿಲ್ಲ. ಇಲ್ಲೇ ಇಳಸ್ತೀವಿ, ಮುಂದಿಂದು ನೀವು ನೋಡ್ಕೋರಿ’ ಎನ್ನುತ್ತಾನೆ. ಅವನ ಮಾತೂ ತಪ್ಪಲ್ಲ.

ಹಾಗಾಗಿ ಗಾಡಿ ನಿಲ್ಲಬಹುದಾದ ಜಾಗದಿಂದ ನಡುಮನೆಯವರೆಗೆ ನಡೆಯುತ್ತ, ನಿಲ್ಲಿಸದೆ ಒಂದು ವಿಡಿಯೋ ಮಾಡಿ ಕಳಿಸಿ. ಕ್ಯಾಮೆರಾ ಎದುರಿಗೆ ಹಿಡಿದರೆ ಸಾಲದು. ತಿರುವು ಬಂದಲ್ಲಿ ನೆಲ, ಗೋಡೆ, ತಲೆಯ ಮೇಲಿನ ತಂತಿ ಮೂರನ್ನೂ ತೋರಿಸಬೇಕು. ಸಾಧ್ಯವಿದ್ದರೆ ಹೊರುವವರಲ್ಲಿ ಒಬ್ಬನನ್ನು ಕರೆತಂದು ಓಣಿ ನಡೆಸಿ. ಡ್ರೈವರ್ ಬೇಡ, ಹೊರುವವನೇ ಬೇಕು. ಡ್ರೈವರ್ ಅಗಲ ನೋಡುತ್ತಾನೆ, ಹಮಾಲ ಮೆಟ್ಟಿಲು ನೋಡುತ್ತಾನೆ. ದರ ಹೇಳಿದ ಮೇಲೆ ಓಣಿ ನೋಡಿದವನು ಮತ್ತೆ ದರ ಏರಿಸಿಯೇ ಏರಿಸುತ್ತಾನೆ.

2. ಗೋಡೆಯಿಂದ ಗೋಡೆಗೆ ಅಳೆಯಬೇಡಿ, ಕಟ್ಟೆಯಿಂದ ಕಟ್ಟೆಗೆ ಅಳೆಯಿರಿ

ನರಗುಂದದ ಕೋಟೆಗೆ 1785ರಲ್ಲಿ ಟಿಪ್ಪುವಿನ ಸೈನ್ಯ ಮುತ್ತಿಗೆ ಹಾಕಿತ್ತು. 1858ರಲ್ಲಿ ಅಲ್ಲಿನ ಅರಸ ಬಾಬಾಸಾಹೇಬ ಭಾವೆ ಬಂಡೆದ್ದಾಗ ಇಂಗ್ಲಿಷರ ದಂಡು ಬಂತು. ಗಜೇಂದ್ರಗಡದ ಕೋಟೆ ಘೋರ್ಪಡೆಯವರ ಕಾಲದ್ದು. ಇಂಥ ಕೋಟೆಗಳ ಬುಡದಲ್ಲಿ ಬೆಳೆದ ಊರುಗಳ ಓಣಿಗಳಲ್ಲಿ ಮನುಷ್ಯ, ಕುದುರೆ, ಹೇರು ಹೊತ್ತ ಎತ್ತು ಹೋದರೆ ಸಾಕಿತ್ತು. ಬಹಳವೆಂದರೆ ಒಂದು ಚಕ್ಕಡಿ.

ಟಾಟಾ ಏಸ್ 2005ರಲ್ಲಿ ಬಂದ ಮೇಲೆ ನಮ್ಮ ದಂಧೆಯೇ ಬದಲಾಯಿತು. ಅದರ ಮೈ ಸುಮಾರು 5 ಅಡಿ ಅಗಲ, ಉದ್ದ ಹನ್ನೆರಡೂವರೆ ಅಡಿ. ಕನ್ನಡಿ ಬೇರೆ. ಓಣಿ 8 ಅಡಿ ಇದೆ ಎಂದು ಗಿರಾಕಿ ಹೇಳುತ್ತಾರೆ. ಗೋಡೆಯಿಂದ ಗೋಡೆಗೆ ಅದು ನಿಜ. ಆದರೆ ಒಂದು ಮಗ್ಗುಲಿಗೆ ಕೂಡುವ ಕಟ್ಟೆ, ಇನ್ನೊಂದು ಮಗ್ಗುಲಿಗೆ ಗಟಾರ, ನಡುವೆ ಎಮ್ಮೆ ಕಟ್ಟುವ ಗೂಟ, ಅದರ ಆಚೆ ಯಾರದೋ ಬೈಕು. ಉಳಿದದ್ದೇ ಓಣಿಯ ಅಗಲ.

ನಾನು ಒಂದು ಹಗ್ಗಕ್ಕೆ ಎರಡು ಗಂಟು ಹಾಕಿ ಇಟ್ಟುಕೊಂಡಿದ್ದೇನೆ. ಗಾಡಿಯ ಅಗಲಕ್ಕೆ ಎರಡೂ ಕಡೆ ಒಂದೊಂದು ಗೇಣು ಸೇರಿಸಿದ ಅಳತೆ. ಗಂಟಿನಿಂದ ಗಂಟಿಗೆ ಹಗ್ಗ ಬಿಗಿಹಿಡಿದು ಇಬ್ಬರು ಓಣಿಯಲ್ಲಿ ನಡೆದರೆ ಎಲ್ಲಿ ಸಿಕ್ಕುತ್ತದೆ ಎಂಬುದು ತಾನಾಗಿ ಗೊತ್ತಾಗುತ್ತದೆ. ಗಟಾರದ ಮೇಲೆ ಹಾಸುಗಲ್ಲು ಇದ್ದರೆ ಅದನ್ನು ರಸ್ತೆ ಎಂದು ಲೆಕ್ಕ ಹಿಡಿಯಬೇಡಿ. ಖಾಲಿ ಗಾಡಿ ದಾಟಿದ ಕಲ್ಲು ತುಂಬಿದ ಗಾಡಿಗೆ ಮುರಿಯುತ್ತದೆ. ಮುರಿದರೆ ಎದುರಿನ ಮನೆಯವರಿಗೆ ಕಲ್ಲು ಹಾಕಿಸಿಕೊಡುವವರು ಯಾರು ಎಂಬುದನ್ನು ಮೊದಲೇ ಮಾತಾಡಿಕೊಳ್ಳಿ.

ತಂತಿಯ ವಿಷಯ ಒಂದೇ ಮಾತು: ಕರೆಂಟಿನ ಸರ್ವಿಸ್ ವೈರು ಜೋತಿದ್ದರೆ ಕೋಲಿನಿಂದ ಎತ್ತಿಹಿಡಿಯುವ ಶೌರ್ಯ ಬೇಡ. ಹೆಸ್ಕಾಂನ ಲೈನ್‌ಮನ್‌ಗೆ ಹಿಂದಿನ ದಿನವೇ ಹೇಳಿ.

3. ನರಗುಂದದಲ್ಲಿ ನೆಲದ ಒಳಗೂ ನೋಡಬೇಕು

ಇದನ್ನು ಹೊರಗಿನ ಡ್ರೈವರ್ ನಂಬುವುದಿಲ್ಲ. ಬರಗಾಲದ ಸೀಮೆ ಇದು. ಹಿಂದಿನವರು ಜೋಳವನ್ನು ನೆಲದೊಳಗಿನ ಹಗೇವಿನಲ್ಲಿ ತುಂಬಿ, ಬಾಯಿಗೆ ಕಲ್ಲು ಮುಚ್ಚಿ, ಮಣ್ಣು ಮೆತ್ತಿ ವರ್ಷಗಟ್ಟಲೆ ಕಾಪಾಡುತ್ತಿದ್ದರು. ಕಾಲ ಬದಲಾಗಿ ಹಗೇವು ಖಾಲಿಯಾದವು. ಮೇಲೆ ಮನೆ ಬಂದವು, ಓಣಿ ಬಂತು, ಕಾಂಕ್ರೀಟ್ ಬಂತು. ಕೆಳಗಿನ ಪೊಳ್ಳು ಹಾಗೇ ಉಳಿಯಿತು. ನರಗುಂದ ಪಟ್ಟಣದ ಹಳೇ ಭಾಗಗಳಲ್ಲಿ ಮನೆಯೊಳಗೆ, ರಸ್ತೆಯ ಮೇಲೆ ನೆಲ ಇದ್ದಕ್ಕಿದ್ದಂತೆ ಕುಸಿದದ್ದು 2019-20ರ ಸುಮಾರಿಗೆ ಪತ್ರಿಕೆಗಳಲ್ಲಿ ಮತ್ತೆಮತ್ತೆ ಬಂತು. ಹಳೇ ಹಗೇವು ಒಂದು ಕಾರಣ, ಮೇಲಕ್ಕೆ ಬಂದ ಅಂತರ್ಜಲ ಇನ್ನೊಂದು ಕಾರಣ ಎಂಬ ಮಾತು ಊರಲ್ಲಿದೆ.

ಅಂಥ ಓಣಿಗೆ ಗಾಡಿ ಬಿಡುವ ಮುಂಚೆ ಅಲ್ಲಿನ ಹಿರಿಯರನ್ನು ಕೇಳುವುದು ನನ್ನ ರೂಢಿ: ‘ಅಜ್ಜಾರ, ಇಲ್ಲಿ ಹಗೇವು ಎಲ್ಲಿದ್ವು?’ ಅವರು ಕೋಲು ಊರಿ ತೋರಿಸುತ್ತಾರೆ, ಇದು ಇಂಥವರ ಮನೆಯದು, ಅದು ಮಠದ್ದು ಎಂದು. ಮಳೆಗಾಲ ಆಗಿದ್ದರೆ, ಇಲ್ಲವೇ ರಸ್ತೆಯಲ್ಲಿ ತಟ್ಟೆಯಷ್ಟು ಅಗಲದ ತಗ್ಗು ಕಂಡರೆ, ಗಾಡಿ ಬಸ್‌ ಸ್ಟ್ಯಾಂಡ್ ಕಡೆಯ ರಸ್ತೆಯಲ್ಲೇ ನಿಲ್ಲುತ್ತದೆ. ಹೊರುವ ದೂರ ಹೆಚ್ಚಿತು ಎಂದು ಗಿರಾಕಿ ಗೊಣಗಲಿ, ಪರವಾಗಿಲ್ಲ. ಒಂದೂವರೆ ಟನ್ ಹೊತ್ತ ಪಿಕಪ್ಪಿನ ಹಿಂದಿನ ಗಾಲಿ ಪೊಳ್ಳು ನೆಲಕ್ಕೆ ಇಳಿದರೆ ಎತ್ತಲು ಕ್ರೇನ್ ಬೇಕು, ಆ ಓಣಿಗೆ ಕ್ರೇನ್ ಬರುವುದಿಲ್ಲ.

4. ಎರಡು ಗಾಡಿ ಲೆಕ್ಕ ಹಾಕಿ

ಬೆಂಗಳೂರಿನಿಂದ 14 ಅಡಿ ಕಂಟೇನರ್ ಬರುತ್ತದೆ. ಅದು ನರಗುಂದಕ್ಕಾದರೆ ಹುಬ್ಬಳ್ಳಿ-ಸೊಲ್ಲಾಪುರ ಹೆದ್ದಾರಿಯ ಮಗ್ಗುಲಿಗೆ, ಗಜೇಂದ್ರಗಡಕ್ಕಾದರೆ ಪೇಟೆಯ ಹೊರಗೆ ನಿಲ್ಲಲಿ. ಅಲ್ಲಿಂದ ಚಿಕ್ಕ ಗಾಡಿ ಖೇಪು ಹೊಡೆಯಲಿ. ಟೇಲ್‌ಬೋರ್ಡಿಗೆ ಟೇಲ್‌ಬೋರ್ಡ್ ಹಚ್ಚಿ ಸಾಮಾನು ದಾಟಿಸಿದರೆ ನೆಲಕ್ಕೆ ಇಳಿಸಿ ಮತ್ತೆ ಎತ್ತುವ ಕೆಲಸ ಉಳಿಯುತ್ತದೆ. ದೊಡ್ಡ ಗಾಡಿಯವನಿಗೆ ಕಾಯುವ ಬಾಡಿಗೆ ಎಷ್ಟು ತಾಸಿನ ನಂತರ ಶುರು ಎಂದು ಮೊದಲೇ ಬರೆಸಿಕೊಳ್ಳಿ. ಗದಗ, ಹುಬ್ಬಳ್ಳಿಗೆ ಖಾಲಿ ಮರಳುವ ಗಾಡಿ ಸಿಕ್ಕರೆ ಬಾಡಿಗೆ ಕಡಿಮೆ. ಆದರೆ ಖಾಲಿ ಮರಳುವವನಿಗೆ ಸದಾ ಅವಸರ. ಓಣಿಯ ಕೆಲಸಕ್ಕೆ ಅವಸರದವನು ಆಗಿಬರುವುದಿಲ್ಲ.

‘ನಮ್ಮ ಮಾವಂದು ಟ್ರ್ಯಾಕ್ಟರ್ ಐತಿ’ ಎನ್ನುವವರು ಪ್ರತಿ ಊರಿನಲ್ಲೂ ಇದ್ದಾರೆ. ಹೊಲದ ಮನೆಗೆ ಟ್ರ್ಯಾಕ್ಟರ್ ಬಿಟ್ಟರೆ ಬೇರೆ ಗತಿ ಇಲ್ಲ, ಒಪ್ಪುತ್ತೇನೆ. ಏರಿನ ಓಣಿಯಲ್ಲಿ ಮಾತ್ರ ಬೇಡ. ಟ್ರೇಲರ್ ರಿವರ್ಸ್ ಹಾಕುವಾಗ ಮಡಚಿಕೊಂಡರೆ ಎರಡೂ ಬದಿಯ ಮನೆಯ ಕಟ್ಟೆ ಹೋಗುತ್ತವೆ.

5. ಏರಿಗೆ ಹಿಂದುಮುಂದಾಗಿ ಹತ್ತಿಸಿ

ತಿರುಗಿಸಲು ಜಾಗವಿಲ್ಲದ ಏರು ಓಣಿಗೆ ಗಾಡಿಯನ್ನು ರಿವರ್ಸ್‌ನಲ್ಲಿ ಹತ್ತಿಸುವುದು ನಮ್ಮ ಕಡೆಯ ಅನುಭವಸ್ಥ ಡ್ರೈವರ್‌ಗಳ ಪದ್ಧತಿ. ನೋಡಿದವರಿಗೆ ವಿಚಿತ್ರ ಅನಿಸುತ್ತದೆ, ಕಾರಣ ಮಾತ್ರ ಸರಳ. ಮುಖ ಮಾಡಿ ಹತ್ತಿದರೆ ಸಾಮಾನೆಲ್ಲ ಹಿಂದಿನ ಬಾಗಿಲಿಗೆ ಒರಗುತ್ತದೆ. ನಿಂತ ಮೇಲೆ ಕೊಂಡಿ ತೆಗೆದವನ ಎದೆಯ ಮೇಲೇ ಬರುತ್ತದೆ. ಮೂಗಿಗೆ ತೂಕ ಕಡಿಮೆಯಾಗಿ ಸ್ಟೇರಿಂಗ್ ಹಗುರಾಗುವುದು ಬೇರೆ. ಹಿಂದುಮುಂದಾಗಿ ಹತ್ತಿದರೆ ಸಾಮಾನು ಕ್ಯಾಬಿನ್ ಕಡೆಗೆ ಒರಗಿ ನಿಲ್ಲುತ್ತದೆ, ಬಾಗಿಲು ಮನೆಯ ಕಡೆಗೆ ತೆರೆಯುತ್ತದೆ, ಇಳಿಯುವಾಗ ಮುಖ ಮುಂದಾಗಿ ಇಳಿಯಬಹುದು.

ಗಾಲಿಗೆ ಕಲ್ಲು ಕೊಡುವವನು ಬೇರೆಯೇ ಇರಬೇಕು. ಅವನು ಸಾಮಾನು ಮುಟ್ಟಬಾರದು, ಫೋನ್ ನೋಡಬಾರದು, ಗಾಲಿಯ ಹಿಂದೆ ನಿಲ್ಲದೆ ಮಗ್ಗುಲಿಗೆ ನಿಲ್ಲಬೇಕು. ಕಲ್ಲು ಕೊಡಲು ಓಣಿಯ ಹುಡುಗರು ಉತ್ಸಾಹದಿಂದ ಮುಂದೆ ಬರುತ್ತಾರೆ. ಅವರನ್ನು ಕಟ್ಟೆಯ ಮೇಲೆ ಕೂರಿಸಿ. ದುಂಡು ಕಲ್ಲು ನಡೆಯುವುದಿಲ್ಲ, ಚಪ್ಪಟೆ ತಳದ ಕಲ್ಲು ಇಲ್ಲವೇ ಕಟ್ಟಿಗೆಯ ತುಂಡು ಬೇಕು. ಇಳಿಯುವಾಗ ಫಸ್ಟ್ ಗೇರ್. ಡೀಸೆಲ್ ಉಳಿಸಲೆಂದು ನ್ಯೂಟ್ರಲ್‌ನಲ್ಲಿ ಇಳಿಸುವ ಡ್ರೈವರ್‌ನನ್ನು ಅಲ್ಲೇ ಇಳಿಸಿ ಕಳಿಸಿ.

6. ಹೊರುವವರನ್ನು ಊರಿನಲ್ಲೇ ಹುಡುಕಿ

ಕಂಪನಿಯ ಹುಡುಗರು ಪ್ಯಾಕಿಂಗ್ ಚೆಂದ ಮಾಡುತ್ತಾರೆ. ಗಾಜು, ಟಿವಿ, ಮಿಕ್ಸರ್‌ಗೆ ಅವರೇ ಸರಿ. ಆದರೆ ಮೆಟ್ಟಿಲ ಓಣಿಯಲ್ಲಿ ತಿಜೋರಿ ಹೊರಲು ಎಪಿಎಂಸಿಯ ಹಮಾಲರು ಬೇಕು. ಚೀಲ ಹೊತ್ತು ಅಡಿಹಲಗೆಯ ಮೇಲೆ ನಡೆದು ಲಾರಿ ತುಂಬುವವರಿಗೆ ತೂಕ ಎಲ್ಲಿ ಕೂರುತ್ತದೆ ಎಂಬುದು ಕಾಲಿಗೇ ಗೊತ್ತಿರುತ್ತದೆ.

ಒಮ್ಮೆ ನಿಂತು ನೋಡಿ. ತಿಜೋರಿಯ ಒಳಹಲಗೆ, ಡ್ರಾಯರ್ ತೆಗೆದು ಬೇರೆ ಇಡುತ್ತಾರೆ. ಬಾಗಿಲಿಗೆ ಕೀಲಿ ಹಾಕಿ, ಸುತ್ತ ಹಗ್ಗ ಬಿಗಿದು, ಕೀಲಿಕೈ ಮನೆಯ ಅಕ್ಕನ ಕೈಗೇ ಕೊಡುತ್ತಾರೆ. ಹಗ್ಗದ ಎರಡು ಸುತ್ತು ಬೆನ್ನ ಮೇಲೆ ಬರುವ ಹಾಗೆ ಬಿಡುತ್ತಾರೆ, ಕೆಳಗಿನವನು ಟವಲ್ ಮಡಚಿ ಸಿಂಬಿ ಮಾಡಿ ಭುಜಕ್ಕೆ ಇಟ್ಟುಕೊಳ್ಳುತ್ತಾನೆ. ಏರಿನಲ್ಲಿ ತೂಕವೆಲ್ಲ ಕೆಳಗಿನವನದೇ, ಹಾಗಾಗಿ ಗಟ್ಟಿ ಆಳು ಕೆಳಗೆ, ದಾರಿ ಬಲ್ಲವನು ಮೇಲೆ. ಮೇಲಿನವನು ಹಿಂದೆ ನೋಡದೆ ಮೆಟ್ಟಿಲು ಎಣಿಸಿ ಹೇಳುತ್ತಾನೆ. ತಿರುವು ಬಂದಾಗ ತಿಜೋರಿ ನಿಲ್ಲಿಸುವುದಿಲ್ಲ, ಮಗ್ಗುಲಾಗಿಸಿ ಗೋಣಿಚೀಲದ ಮೇಲೆ ಜಾರಿಸುತ್ತಾರೆ. ಆ ಹೊತ್ತಿಗೆ ‘ಸ್ವಲ್ಪ ಎಡಕ್ಕ, ಹುಷಾರ್ರೀ’ ಎಂದು ಕೂಗುವ ಮನೆಯ ಯಜಮಾನನೇ ಎಲ್ಲರಿಗಿಂತ ದೊಡ್ಡ ಅಡಚಣೆ. ಹೇಳುವ ದನಿ ಒಂದೇ ಇರಬೇಕು, ಅದು ಹಮಾಲರ ಮುಖಂಡ ಮುಕಾದಮನದು.

ಮುಕಾದಮನೊಂದಿಗೆ ಗುತ್ತಿಗೆ ಮಾತಾಡಿ, ಆಳಿನ ಲೆಕ್ಕ ಮಾತಾಡಬೇಡಿ. ಆಳಿನ ಲೆಕ್ಕವಾದರೆ ಸಂಜೆಯವರೆಗೆ ಎಳೆಯುತ್ತದೆ. ಹೆಸರುಕಾಳು ಮಾರುಕಟ್ಟೆಗೆ ಬರುವ ಆಗಸ್ಟ್-ಸೆಪ್ಟೆಂಬರ್, ಕಡಲೆ-ಜೋಳದ ಸುಗ್ಗಿಯ ಫೆಬ್ರವರಿ-ಮಾರ್ಚ್‌ನಲ್ಲಿ ಹಮಾಲರು ಸಿಗುವುದು ಕಷ್ಟ. ಸಿಕ್ಕರೂ ಯಾರ್ಡಿನ ಕೆಲಸ ಮುಗಿದ ಮೇಲೆ ದಣಿದು ಬರುತ್ತಾರೆ. ದಣಿದವರ ಕೈಗೆ ಮೆಟ್ಟಿಲ ಓಣಿ ಕೊಡಬಾರದು.

7. ಪಟ್ಟಿಯಲ್ಲಿ ಬರೆಯದ ಸಾಮಾನೇ ಭಾರದ್ದು

ಸೋಫಾ, ಮಂಚ, ಫ್ರಿಜ್ಜು ಎಲ್ಲರೂ ಬರೆಯುತ್ತಾರೆ. ಜೋಳದ ಚೀಲ, ಗೋಧಿಯ ಡ್ರಮ್ಮು, ಶೇಂಗಾ, ಒಣಮೆಣಸಿನಕಾಯಿ, ಬೀಸುಕಲ್ಲು, ಒಳ್ಳು, ಅಟ್ಟದ ಮೇಲಿನ ಹಿತ್ತಾಳೆ ಕೊಡ ಬರೆಯುವುದಿಲ್ಲ. ಬೀಸುಕಲ್ಲಿಗೆ ಈಗ ಕೆಲಸವಿಲ್ಲ, ಆದರೆ ಅತ್ತೆಯದು ಎಂದು ಬಿಡುವ ಹಾಗೂ ಇಲ್ಲ. ನಾಲ್ಕು ಚೀಲ ಜೋಳ ಎಂದರೆ ಎರಡು ಕ್ವಿಂಟಲ್, ಏಸ್ ಗಾಡಿಯ ಸಾಮರ್ಥ್ಯದ ಕಾಲು ಭಾಗಕ್ಕೂ ಹೆಚ್ಚು. ಕಾಳುಕಡಿ ಮೊದಲು ಏರಲಿ, ಕ್ಯಾಬಿನ್‌ಗೆ ತಾಗಿ ಕೂರಲಿ.

ಫ್ರಿಜ್ಜು ನಿಂತೇ ಹೋಗಬೇಕು. ಮಲಗಿಸದೆ ಗತಿಯಿಲ್ಲದಿದ್ದರೆ, ಮನೆ ಮುಟ್ಟಿದ ಮೇಲೆ ಕೆಲವು ತಾಸು ನಿಲ್ಲಿಸಿ, ಕಂಪ್ರೆಸರ್‌ನ ಎಣ್ಣೆ ಕೆಳಗಿಳಿದ ಮೇಲೆ ಪ್ಲಗ್ ಹಾಕಿ. ಸಿಲಿಂಡರ್ ಮುಚ್ಚಿದ ಕಂಟೇನರ್‌ನಲ್ಲಿ ಬೇಡವೇ ಬೇಡ.

8. ಮಗ್ಗ ಸಾಗಿಸುವ ಮನೆಯಾದರೆ

ಗಜೇಂದ್ರಗಡ ನೇಕಾರರ ಊರು, ಪಟ್ಟೇದ ಅಂಚಿನ ಸೀರೆಗೆ ಹೆಸರಾದದ್ದು. ಅಲ್ಲಿ ಮನೆ ಬದಲಿಸುವುದೆಂದರೆ ಕೆಲವರಿಗೆ ಮಗ್ಗ ಬದಲಿಸುವುದೂ ಹೌದು. ಹಾಸು ಮಗ್ಗದ ಮೇಲಿರುವಾಗ ಸಾಗಿಸುವ ದಿನ ಗೊತ್ತು ಮಾಡಬೇಡಿ. ನೇಯ್ದು ಮುಗಿಸಿದ ಮೇಲೆಯೇ ಬಿಚ್ಚಬೇಕು. ಬಿಚ್ಚುವ ಕೆಲಸ ಹಮಾಲರದಲ್ಲ, ಅದೇ ಮಗ್ಗದಲ್ಲಿ ಕೂತವರದು. ಕಟ್ಟಿಗೆಗಳಿಗೆ ಸೀಮೆಸುಣ್ಣದಲ್ಲಿ ಗುರುತು ಹಾಕಿ, ಎಡ ಬಲ ಬರೆದು, ಜೋಡಿಸುವ ಕ್ರಮಕ್ಕೆ ಉಲ್ಟಾ ಗಾಡಿಗೆ ಹೇರಬೇಕು. ಕುಣಿಮಗ್ಗವಾದರೆ ಹೊಸ ಮನೆಯಲ್ಲಿ ಕುಣಿ ತೋಡಿ ಒಣಗಿರಬೇಕು. ಇಲ್ಲದಿದ್ದರೆ ಮಗ್ಗ ಪಡಸಾಲೆಯಲ್ಲಿ ಬಿದ್ದಿರುತ್ತದೆ, ಅಷ್ಟು ದಿನ ಮನೆಗೆ ಆದಾಯವಿಲ್ಲ. ಗಾಡಿಯ ಬಾಡಿಗೆಗಿಂತ ಆ ನಷ್ಟವೇ ದೊಡ್ಡದು.

9. ದಿನ ನೋಡುವಾಗ ಪಂಚಾಂಗದ ಜೊತೆ ಸಂತೆಯನ್ನೂ ನೋಡಿ

ಮಂಗಳವಾರ, ಶುಕ್ರವಾರ ಮನೆಯ ಸಾಮಾನು ಹೊರಹಾಕಲು ಅನೇಕರು ಒಪ್ಪುವುದಿಲ್ಲ; ಹಾಗಾಗಿ ಉಳಿದ ಒಳ್ಳೆಯ ದಿನಗಳಿಗೆ ಗಾಡಿಗಳ ಎಳೆದಾಟ. ಅದರ ಮೇಲೆ ಸಂತೆಯ ದಿನ, ಗಜೇಂದ್ರಗಡದ ಹತ್ತಿರದ ಕಾಲಕಾಲೇಶ್ವರನ ಜಾತ್ರೆಯ ಆಸುಪಾಸು, ಓಣಿಯಲ್ಲಿ ಮದುವೆಯ ಹಂದರ. ಹಂದರ ಹಾಕಿದ ಓಣಿಯಲ್ಲಿ ಗಾಡಿ ಹೋಗುವುದು ಹಾಗಿರಲಿ, ಮಂಚ ಹೊತ್ತವರೂ ಹೋಗಲಾರರು. ಹಿಂದಿನ ಸಂಜೆ ಓಣಿಯ ನಾಲ್ಕು ಮನೆಗೆ ಹೋಗಿ ‘ಕಾಕಾ, ನಾಳೆ ಮುಂಜಾನೆ ಎಂಟಕ್ಕ ಬೈಕ್ ಒಂಚೂರು ಒಳಗ ಇಟ್ಕೋರಿ’ ಎಂದು ಹೇಳಿಬಂದರೆ ಅರ್ಧ ಕೆಲಸ ಆದಂತೆ. ಇದನ್ನು ಗಾಡಿಯವನು ಹೇಳಿದರೆ ನಡೆಯುವುದಿಲ್ಲ, ಮನೆಯವರೇ ಹೇಳಬೇಕು.

10. ಮಳೆ ಬಂದರೆ ಮಾತು ಬೇರೆ

ಶಿಕ್ಷಕರ, ನೌಕರರ ವರ್ಗಾವಣೆಯ ಸಾಮಾನು ಮೇ-ಜೂನ್‌ನಲ್ಲಿ ಬರುವುದು ಹೆಚ್ಚು, ಅದು ಮಿರಗದ ಮಳೆಯ ಹೊತ್ತು. ರೋಣ-ನರಗುಂದದ ಎರೆನೆಲ ಒಂದು ಹದ ಮಳೆಗೆ ಉಬ್ಬಿ, ಗಾಲಿಗೆ ಸುತ್ತಿಕೊಂಡು, ಮಡ್‌ಗಾರ್ಡಿನ ಒಳಗೆಲ್ಲ ತುಂಬಿ ಗಾಲಿಯನ್ನೇ ತಿರುಗಗೊಡುವುದಿಲ್ಲ. ಡಾಂಬರು ಬಿಟ್ಟು ಹೊಲದ ದಾರಿಗೆ ಇಳಿಯುವ ಮನೆಯಾದರೆ, ‘ಮಳೆ ಆದರೆ ದಿನ ಮುಂದಕ್ಕೆ, ಮುಂಗಡ ಹಾಗೇ ಜಮೆ’ ಎಂಬ ಒಂದು ಸಾಲು ಒಪ್ಪಂದದಲ್ಲಿ ಇರಲಿ.

ಮಲಪ್ರಭೆಯ ದಂಡೆಯವರದು ಇನ್ನೂ ಬೇರೆ. 2009ರಲ್ಲಿ, ಮತ್ತೆ 2019ರಲ್ಲಿ ಹೊಳೆ ಊರೊಳಗೆ ಬಂದಾಗ ಕೊಣ್ಣೂರು, ಲಖಮಾಪುರ, ಹೊಳೆಆಲೂರು ಕಡೆ ಜನ ದರ ಕೇಳುತ್ತ ಕೂರಲಿಲ್ಲ. 2009ರ ನಂತರ ನೆರೆ ಸಂತ್ರಸ್ತರಿಗೆಂದು ಆಸರೆ ಯೋಜನೆಯ ಮನೆಗಳು ಎತ್ತರದ ಜಾಗದಲ್ಲಿ ಬಂದವು. ಎಷ್ಟೋ ಕುಟುಂಬಗಳು ದನ ಕಟ್ಟಲು ಜಾಗವಿಲ್ಲ, ಮನೆ ಸಣ್ಣದು ಎಂದು ಹಳೇ ಊರಲ್ಲೇ ಉಳಿದವು. ಅಂಥವರು ಪ್ರತಿ ಮಳೆಗಾಲದ ಮುಂಚೆ ಕಾಳು ಮತ್ತು ಕಾಗದಪತ್ರಗಳನ್ನಾದರೂ ಮೇಲಿನ ಮನೆಗೆ ಸಾಗಿಸಿಡುವುದು ಒಳ್ಳೆಯದು. ಅದಕ್ಕೆ ಒಂದು ಖೇಪು ಸಾಕು.

11. ಕಾಗದ

ಬಳಸಿದ ಮನೆ ಸಾಮಾನಿಗೆ ಇ-ವೇ ಬಿಲ್ ಬೇಕಿಲ್ಲ. ಜಿಎಸ್‌ಟಿ ನಿಯಮದಲ್ಲೇ ವಿನಾಯಿತಿ ಇದೆ. ಗೋವಾದಿಂದ ಬರುವವರು ಚೆಕ್‌ಪೋಸ್ಟ್ ಎಂದು ಹೆದರುತ್ತಾರೆ, ಆದರೆ ಸಹಿ ಮಾಡಿದ ಸಾಮಾನಿನ ಪಟ್ಟಿ ಜೊತೆಗಿದ್ದರೆ ಸಾಕು. ಡಬ್ಬಿ ಒಡೆಯದ ಹೊಸ ಟಿವಿ ಇದ್ದರೆ ಅದರ ಬಿಲ್ ಇಟ್ಟುಕೊಳ್ಳಿ. ಗಾಡಿ ಹಳದಿ ನಂಬರ್ ಪ್ಲೇಟಿನದೇ ಆಗಿರಲಿ. ಗಾಡಿಯ ವಿಮೆ ಬೇರೆ, ಸಾಮಾನಿನ ವಿಮೆ ಬೇರೆ. ‘ಇನ್ಶೂರೆನ್ಸ್ ಐತ್ರೀ’ ಎಂದವನನ್ನು ಯಾವುದರದು ಎಂದು ಕೇಳಿ. ಟ್ರಾನ್ಸ್‌ಪೋರ್ಟ್ ಕಂಪನಿಯ ರಸೀದಿಯ ಮೇಲೆ ಬಂದ ಸಾಮಾನು ಹಾಳಾದರೆ, ಕೋರ್ಟಿಗೆ ಹೋಗುವ ಮುಂಚೆ ಬುಕಿಂಗ್ ಆದ ದಿನದಿಂದ 180 ದಿನದೊಳಗೆ ಲಿಖಿತ ನೋಟಿಸ್ ಕೊಡಬೇಕು ಎಂದು 2007ರ ರಸ್ತೆ ಸಾಗಣೆ ಕಾಯ್ದೆ ಹೇಳುತ್ತದೆ. ಏರುವಾಗ ಒಂದು, ಇಳಿಯುವಾಗ ಒಂದು ಫೋಟೋ ತೆಗೆದಿಟ್ಟರೆ ಆ ನೋಟಿಸಿಗೆ ಬಲ.

12. ದುಡ್ಡು

ಗಾಡಿಯ ಬಾಡಿಗೆ, ಹಮಾಲಿ ಎರಡನ್ನೂ ಬೇರೆಬೇರೆ ಕೊಡಿ. ಒಟ್ಟಿಗೆ ಡ್ರೈವರ್ ಕೈಗೆ ಕೊಟ್ಟರೆ ಹಮಾಲರಿಗೆ ಎಷ್ಟು ಮುಟ್ಟಿತು ಎಂಬುದು ನಿಮಗೆ ತಿಳಿಯುವುದಿಲ್ಲ, ಅವರು ಮತ್ತೆ ನಿಮ್ಮ ಬಾಗಿಲಿಗೆ ಬರುತ್ತಾರೆ. ಮಂಚ ಜೋಡಿಸಿ, ತಿಜೋರಿ ನಿಂತ ಜಾಗ ಅಲುಗಾಡದಂತೆ ಕೆಳಗೆ ಚಕ್ಕೆ ಕೊಟ್ಟ ಮೇಲೆ, ಎಲ್ಲರ ಎದುರಿಗೆ ಮುಕಾದಮನ ಕೈಗೆ ಎಣಿಸಿ ಕೊಡಬೇಕು. ಚಹಾ, ಚುರುಮುರಿ ಕೊಟ್ಟದ್ದನ್ನು ಕೂಲಿಯಲ್ಲಿ ಮುರಿಯುವಂತಿಲ್ಲ. ಫೋನ್‌ಪೇ ಮಾಡುವವರಾದರೂ ಸ್ವಲ್ಪ ನಗದು ಜೇಬಿನಲ್ಲಿರಲಿ: ದಪ್ಪ ಮಣ್ಣಿನ ಗೋಡೆಯ ಆ ಮನೆಗಳಲ್ಲಿ ನೆಟ್‌ವರ್ಕ್ ಸಿಗುವುದಿಲ್ಲ, ಸಿಗ್ನಲ್ ಹುಡುಕುತ್ತ ಎಲ್ಲರೂ ಮತ್ತೆ ಅಗಸಿತನಕ ಇಳಿಯಬೇಕಾಗುತ್ತದೆ.